ಕನ್ನಡೇತರರಿಗೆ ಓದಿನ ಗ್ರಹಿಕೆ, ಆಲಿಕೆಯ ಗ್ರಹಿಕೆ: ಕಲಿಸುವುದು ಹೇಗೆ, ಪರೀಕ್ಷಿಸುವುದು ಹೇಗೆ?

ಅಪಾರ್ಟ್‌ಮೆಂಟುಗಳಲ್ಲಿ, ಕಚೇರಿಗಳಲ್ಲಿ, ಶಾಲೆಗಳಲ್ಲಿ ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಸುತ್ತಿರುವ ಓದುಗರಿಂದ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. “ನಮ್ಮ ವಿದ್ಯಾರ್ಥಿಗಳು ಅಕ್ಷರ ಕಲಿತು ತಪ್ಪಿಲ್ಲದೆ ಗಟ್ಟಿಯಾಗಿ ಓದುತ್ತಾರೆ, ಆದರೆ ಓದಿದ್ದೇನೆಂದು ಕೇಳಿದರೆ ಸುಮ್ಮನಿರುತ್ತಾರೆ, ಏಕೆ?” ಎಂಬುದು ಮೊದಲನೆಯದು. “ತರಗತಿಯಲ್ಲಿ ನಾನು ಹೇಳಿದ್ದೆಲ್ಲ ಅರ್ಥವಾಗುತ್ತದೆ, ತರಕಾರಿ ಗಾಡಿಯವರು ಮಾತನಾಡಿದರೆ ಒಂದು ಪದವೂ ತಿಳಿಯುವುದಿಲ್ಲ ಎನ್ನುತ್ತಾರೆ, ಏನು ಮಾಡಲಿ?” ಎಂಬುದು ಎರಡನೆಯದು. ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಕೆಯನ್ನು ಕಡ್ಡಾಯಗೊಳಿಸಿದ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ನಂತರ ಕೇಂದ್ರ ಪಠ್ಯಕ್ರಮದ ಶಾಲೆಗಳ ಶಿಕ್ಷಕರೂ ಇದೇ ಪ್ರಶ್ನೆಗಳನ್ನು ಕೇಳತೊಡಗಿರುವುದರಿಂದ ಇಬ್ಬರಿಗೂ ಉಪಯೋಗವಾಗುವಂತೆ ಇದನ್ನು ಬರೆಯುತ್ತಿದ್ದೇನೆ.

ಎರಡೂ ಪ್ರಶ್ನೆಗಳ ಬೇರು ಒಂದೇ ಎಂಬುದು ನನ್ನ ಅಭಿಪ್ರಾಯ. ನಮ್ಮ ಲಿಪಿಯಲ್ಲಿ ಬರೆದಂತೆ ಓದಬಹುದಾದ್ದರಿಂದ ಅಕ್ಷರಮಾಲೆ, ಕಾಗುಣಿತ, ಒತ್ತಕ್ಷರಗಳನ್ನು ಕಲಿತವರು ಯಾವ ಪುಟವನ್ನಾದರೂ ಉಚ್ಚರಿಸಬಲ್ಲರು. ಆ ಉಚ್ಚಾರಣೆಯನ್ನೇ ನಾವು ಓದು ಎಂದು ಭಾವಿಸುತ್ತೇವೆ. ಪಠ್ಯಪುಸ್ತಕದ ವಾಕ್ಯಗಳನ್ನು ನಿಧಾನವಾಗಿ ಓದಿ ಹೇಳಿ, ಅದನ್ನೇ ಆಲಿಕೆಯ ಪಾಠ ಎಂದೂ ಭಾವಿಸುತ್ತೇವೆ. ಆದರೆ ಕನ್ನಡದಲ್ಲಿ ಓದುವ ಭಾಷೆ ಒಂದಾದರೆ ಕಿವಿಗೆ ಬೀಳುವ ಭಾಷೆ ಇನ್ನೊಂದು. ಈ ಎರಡನ್ನೂ ಬೇರೆ ಬೇರೆಯಾಗಿ ಕಲಿಸಬೇಕು, ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.

ಮೊದಲು ಬೇಕಾಗುವ ಸಾಮಗ್ರಿ

ಧ್ವನಿಮುದ್ರಣಕ್ಕೆ ಒಂದು ಮೊಬೈಲ್, ತರಗತಿಯ ಕೊನೆಯ ಸಾಲಿಗೂ ಕೇಳಿಸುವ ಒಂದು ಸ್ಪೀಕರ್, ಮತ್ತು ನಿಮ್ಮದಲ್ಲದ ಕನಿಷ್ಠ ಮೂರು ಧ್ವನಿಗಳು ಬೇಕು. ಮನೆಯವರು, ನೆರೆಯವರು, ಕಾವಲುಗಾರರು ಯಾರಾದರೂ ಆಗಬಹುದು, ಆದರೆ ಅವರ ಒಪ್ಪಿಗೆ ಪಡೆದೇ ಮುದ್ರಿಸಿಕೊಳ್ಳಿ. ಓದಿಗೆ ಸೂಚನಾಫಲಕ, ಬಸ್ಸಿನ ಬೋರ್ಡು, ವಿದ್ಯುತ್ ಬಿಲ್ಲು, ಲಗ್ನಪತ್ರಿಕೆ, ಔಷಧಿಯ ಚೀಟಿ, ದಿನಪತ್ರಿಕೆಯ ಸಣ್ಣ ಸುದ್ದಿಗಳನ್ನು ಕೂಡಿಸಿಟ್ಟುಕೊಳ್ಳಿ. ಜೊತೆಗೆ ಪ್ರತಿ ವಿದ್ಯಾರ್ಥಿಯ ಮನೆಮಾತು ಯಾವುದೆಂದು ಬರೆದಿಟ್ಟುಕೊಳ್ಳಿ. ಇದು ಏಕೆಂದು ನಾಲ್ಕನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 1: ಗುರಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಯುರೋಪ್ ಪರಿಷತ್ತು 2001ರಲ್ಲಿ ಪ್ರಕಟಿಸಿದ ಭಾಷಾಮಟ್ಟಗಳ ಚೌಕಟ್ಟಿನಲ್ಲಿ ಎ1ರಿಂದ ಸಿ2ರವರೆಗೆ ಆರು ಮಟ್ಟಗಳಿದ್ದು, ಪ್ರತಿಯೊಂದನ್ನೂ “ಕಲಿಯುವವರು ಇಂಥದ್ದನ್ನು ಮಾಡಬಲ್ಲರು” ಎಂಬ ರೂಪದಲ್ಲಿ ವಿವರಿಸಲಾಗಿದೆ. ಆ ಆರು ಮಟ್ಟಗಳನ್ನು ಹಾಗೆಯೇ ತಂದುಕೊಳ್ಳುವ ಅಗತ್ಯವಿಲ್ಲ. ಗುರಿಯನ್ನು ಹೇಳುವ ರೀತಿಯನ್ನು ಮಾತ್ರ ತೆಗೆದುಕೊಂಡರೆ ಸಾಕು. “ಆಲಿಕೆಯ ಸಾಮರ್ಥ್ಯ ಬೆಳೆಸುವುದು” ಎಂಬುದು ಗುರಿಯಲ್ಲ. “ಫೋನಿನಲ್ಲಿ ಹೇಳಿದ ಸಮಯ ಮತ್ತು ವಿಳಾಸವನ್ನು ಕೇಳಿ ಬರೆದುಕೊಳ್ಳಬಲ್ಲರು” ಎಂಬುದು ಗುರಿ. ಹೀಗೆ ಬರೆದುಕೊಂಡಾಗ ಪರೀಕ್ಷೆಯಲ್ಲಿ ಏನು ಕೇಳಬೇಕೆಂಬುದು ಆಗಲೇ ಅರ್ಧ ತೀರ್ಮಾನವಾಗಿರುತ್ತದೆ.

ಹಂತ 2: ಪಠ್ಯವನ್ನು ಆರಿಸಿ

ಇಂಗ್ಲಿಷ್ ಓದಿನ ಬಗ್ಗೆ ಹು ಮತ್ತು ನೇಷನ್ ಎಂಬ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರ ನೆರವೂ ಇಲ್ಲದೆ ಓದಿ ಅರ್ಥಮಾಡಿಕೊಳ್ಳಲು ಪಠ್ಯದ ಸುಮಾರು 98 ಶೇಕಡಾ ಪದಗಳು ಗೊತ್ತಿರಬೇಕಾಗುತ್ತದೆ. ಅಂದರೆ 50 ಪದಗಳಿಗೆ ಒಂದೇ ಹೊಸ ಪದ. ಕನ್ನಡಕ್ಕೆ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ, ಏಕೆಂದರೆ ನಮ್ಮಲ್ಲಿ ಒಂದು ಪದದೊಳಗೆ ಮೂರು ನಾಲ್ಕು ಸಂಗತಿಗಳು ಅಡಗಿರುತ್ತವೆ. “ಮನೆ” ಮತ್ತು “ಇಲ್ಲ” ಎರಡೂ ಗೊತ್ತಿರುವವರಿಗೂ “ಮನೆಯಲ್ಲಿಲ್ಲ” ಎಂಬುದು ಹೊಸ ಪದದಂತೆ ಕಾಣುತ್ತದೆ. ಆದ್ದರಿಂದ ಪಠ್ಯವನ್ನು ಆರಿಸುವಾಗ ಹೊಸ ಮೂಲಪದಗಳನ್ನು ಮಾತ್ರವಲ್ಲ, ಇನ್ನೂ ಕಲಿಸದ ಪ್ರತ್ಯಯಗಳನ್ನೂ ಸಂಧಿರೂಪಗಳನ್ನೂ ಎಣಿಸಿ. ನೀವು ಜೊತೆಗಿದ್ದು ಕಲಿಸುವ ಪಠ್ಯದಲ್ಲಿ ಸಾಲಿಗೊಂದು ಹೊಸದಿದ್ದರೆ ನಡೆಯುತ್ತದೆ. ಪರೀಕ್ಷೆಯ ಪಠ್ಯದಲ್ಲಿ ಅಷ್ಟು ಬೇಡ.

ಮೊದಮೊದಲಿಗೆ ಕಥೆಗಳನ್ನು ಆರಿಸಬೇಡಿ. ಮಕ್ಕಳ ಕಥೆ ಸುಲಭ ಎಂಬುದು ನಮ್ಮ ಭ್ರಮೆ. “ಒಂದಾನೊಂದು ಕಾಲದಲ್ಲಿ” ಎಂಬಲ್ಲಿಯೇ ವಯಸ್ಕ ಕಲಿಕಾರ್ಥಿ ಎಡವುತ್ತಾನೆ. ಸೂಚನಾಫಲಕದಲ್ಲಿ ವಾಕ್ಯ ಚಿಕ್ಕದು, ಸಂದರ್ಭ ಸ್ಪಷ್ಟ, ಮತ್ತು ಅದನ್ನು ತಿಳಿದುಕೊಂಡರೆ ನಾಳೆಯೇ ಪ್ರಯೋಜನವಿದೆ.

ಹಂತ 3: ಓದಿನ ಪಾಠ ನಡೆಸುವ ಕ್ರಮ

ಪಠ್ಯವನ್ನು ಕೊಡುವ ಮೊದಲು ಶೀರ್ಷಿಕೆಯನ್ನು ಮಾತ್ರ ತೋರಿಸಿ, ಒಳಗೆ ಏನಿರಬಹುದೆಂದು ಕೇಳಿ. ಅತಿ ಅಗತ್ಯವಾದ ನಾಲ್ಕೈದು ಪದಗಳನ್ನಷ್ಟೇ ಹಲಗೆಯ ಮೇಲೆ ಬರೆಯಿರಿ. ಎಲ್ಲ ಕಠಿಣ ಪದಗಳ ಅರ್ಥವನ್ನೂ ಮೊದಲೇ ಕೊಟ್ಟುಬಿಟ್ಟರೆ ಊಹಿಸುವ ಅಭ್ಯಾಸ ಬೆಳೆಯುವುದೇ ಇಲ್ಲ.

ಮೊದಲ ಓದು ಮೌನವಾಗಿರಲಿ, ಅದಕ್ಕೆ ಒಂದೇ ಪ್ರಶ್ನೆಯಿರಲಿ: ಇದನ್ನು ಯಾರು, ಯಾರಿಗೆ, ಏಕೆ ಬರೆದಿದ್ದಾರೆ? ಎರಡನೆಯ ಓದಿನಲ್ಲಿ ವಿವರಗಳನ್ನು ಹುಡುಕಲಿ. ಮೂರನೆಯ ಓದಿನಲ್ಲಿ ಪದ ಬಿಡಿಸುವ ಕೆಲಸ ಮಾಡಿ. “ಹೇಳಬೇಕೆಂದಿದ್ದೆನಾದರೂ” ಎಂಬ ಪದವನ್ನು ನಿಘಂಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಹೇಳು, ಬೇಕು, ಎಂದು, ಇದ್ದೆನು, ಆದರೂ ಎಂದು ಬಿಡಿಸಿದಾಗ ಎಲ್ಲವೂ ಪರಿಚಿತ ಪದಗಳೇ. ದಿನಕ್ಕೆ ಇಂಥ ಐದು ಪದಗಳನ್ನು ಬಿಡಿಸಿದರೆ ಸಾಕು, ಒಂದೆರಡು ತಿಂಗಳಲ್ಲಿ ವಿದ್ಯಾರ್ಥಿಗಳೇ ಬಿಡಿಸತೊಡಗುತ್ತಾರೆ.

ಹಿಂದಿ ಅಥವಾ ಇಂಗ್ಲಿಷ್ ಹಿನ್ನೆಲೆಯವರು ಎಡವುವ ಇನ್ನೊಂದು ಜಾಗವಿದೆ. “ನಿನ್ನೆ ಅಂಗಡಿಯಲ್ಲಿ ಹಣ ಕಳೆದುಕೊಂಡ ಹುಡುಗನ ತಾಯಿ ಬಂದಿದ್ದರು” ಎಂಬ ವಾಕ್ಯದಲ್ಲಿ ಹಣ ಕಳೆದುಕೊಂಡವರು ಯಾರು ಎಂದು ಕೇಳಿ ನೋಡಿ. ಪದಗಳೆಲ್ಲ ಗೊತ್ತಿದ್ದರೂ ಹಲವರು ತಾಯಿ ಎನ್ನುತ್ತಾರೆ. ಕನ್ನಡದಲ್ಲಿ ವಿಶೇಷಣದ ಭಾಗವೆಲ್ಲ ನಾಮಪದಕ್ಕಿಂತ ಮೊದಲೇ ಬಂದು ನಿಲ್ಲುವುದರಿಂದ, ಯಾವುದು ಯಾವುದಕ್ಕೆ ಸೇರಿದ್ದು ಎಂಬುದನ್ನು ಅಡಿಗೆರೆ ಎಳೆದು ತೋರಿಸಬೇಕಾಗುತ್ತದೆ. ತಮಿಳು, ತೆಲುಗು, ಮಲಯಾಳಂ ಮನೆಮಾತಿನವರಿಗೆ ಈ ರಚನೆ ಸಹಜ. ಅವರಿಗೆ ಇದರ ಮೇಲೆ ಸಮಯ ವ್ಯಯಿಸಬೇಡಿ.

ಗಟ್ಟಿ ಓದು ಬೇಡವೇ ಎಂದರೆ, ಬೇಕು, ಆದರೆ ಕೊನೆಯಲ್ಲಿ. ಅರ್ಥವಾದ ಮೇಲೆ ಗಟ್ಟಿಯಾಗಿ ಓದಿದರೆ ನಿಲುಗಡೆಗಳು ಸರಿಯಾದ ಜಾಗದಲ್ಲಿ ಬೀಳುತ್ತವೆ. ಅರ್ಥವಾಗುವ ಮೊದಲೇ ಓದಿಸಿದರೆ ವಿದ್ಯಾರ್ಥಿಯ ಗಮನವೆಲ್ಲ ಅರ್ಕಾವತ್ತಿನ ಮೇಲೆ ಇರುತ್ತದೆ, ಅರ್ಥದ ಮೇಲಲ್ಲ.

ಹಂತ 4: ಆಲಿಕೆಯ ಪಾಠ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಪುಸ್ತಕದಲ್ಲಿ “ಏನು ಮಾಡುತ್ತಿದ್ದೀರಿ” ಎಂದು ಇರುತ್ತದೆ. ಬೆಂಗಳೂರು, ಮೈಸೂರಿನ ಕಿವಿಗೆ ಬೀಳುವುದು “ಏನ್ ಮಾಡ್ತಿದೀರ”. “ಹೋಗಿಬಿಟ್ಟನು” ಎಂಬುದು “ಹೋಗ್ಬಿಟ್ಟ” ಆಗುತ್ತದೆ, “ತೆಗೆದುಕೊಂಡು ಬಾ” ಎಂಬುದು “ತಗೊಂಬಾ” ಆಗುತ್ತದೆ. ವಿದ್ಯಾರ್ಥಿಗೆ ಈ ಪದಗಳು ಗೊತ್ತಿಲ್ಲದಿರುವುದಲ್ಲ, ಗೊತ್ತಿರುವ ಪದವನ್ನು ಕಿವಿ ಗುರುತಿಸದಿರುವುದು ನಿಜವಾದ ತೊಡಕು. ಹಾಗಾಗಿ ಬರಹದ ರೂಪವನ್ನೂ ಆಡುಮಾತಿನ ರೂಪವನ್ನೂ ಎರಡು ಸಾಲಿನಲ್ಲಿ ಪಕ್ಕಪಕ್ಕ ಬರೆದ ಪಟ್ಟಿಯೊಂದನ್ನು ಮೊದಲ ವಾರದಿಂದಲೇ ಬೆಳೆಸಿಕೊಂಡು ಹೋಗಿ. ಆಡುಮಾತನ್ನು ಬರೆದು ತೋರಿಸುವುದು ಅಶುದ್ಧ ಎಂಬ ಹಿಂಜರಿಕೆ ಬೇಡ.

ಪಾಠವನ್ನು ಹೀಗೆ ನಡೆಸಬಹುದು. ಅರ್ಧ ನಿಮಿಷದಿಂದ ಒಂದು ನಿಮಿಷದಷ್ಟು ಉದ್ದದ ಸಂಭಾಷಣೆಯನ್ನು ಮೊದಲ ಸಲ ಕೇಳಿಸಿ, ಮಾತನಾಡುತ್ತಿರುವವರು ಯಾರು, ಎಲ್ಲಿದ್ದಾರೆ ಎಂದಷ್ಟೇ ಕೇಳಿ. ಎರಡನೆಯ ಸಲಕ್ಕೆ ವಿವರದ ಪ್ರಶ್ನೆಗಳನ್ನು ಮೊದಲೇ ಕೊಟ್ಟು ಕೇಳಿಸಿ. ಮೂರನೆಯ ಸಲ ತುಣುಕು ತುಣುಕಾಗಿ ನಿಲ್ಲಿಸಿ, ಕೇಳಿದ್ದನ್ನು ಬರೆಯಲು ಹೇಳಿ. ನಾಲ್ಕನೆಯ ಸಲ ಸಂಭಾಷಣೆಯ ಬರಹವನ್ನು ಕೈಗೆ ಕೊಟ್ಟು, ಓದುತ್ತ ಕೇಳಲು ಬಿಡಿ. ಈಗ ಪ್ರತಿ ತಪ್ಪಿಗೂ ಕಾರಣ ಕೇಳಿ: ಈ ಪದ ಗೊತ್ತೇ ಇರಲಿಲ್ಲವೇ, ಗೊತ್ತಿದ್ದರೂ ಕೇಳಿಸಲಿಲ್ಲವೇ, ಕೇಳಿಸಿದರೂ ಬೇರೆ ಪದವೆಂದುಕೊಂಡಿರೇ? ಮೊದಲನೆಯದಕ್ಕೆ ಪದಪಾಠ ಬೇಕು, ಎರಡನೆಯದಕ್ಕೆ ಆಡುಮಾತಿನ ಪಟ್ಟಿ ಬೇಕು, ಮೂರನೆಯದಕ್ಕೆ ಧ್ವನಿಯ ಅಭ್ಯಾಸ ಬೇಕು.

ಧ್ವನಿಯ ಅಭ್ಯಾಸಕ್ಕೆ ಮನೆಮಾತಿನ ಪಟ್ಟಿ ನೆರವಿಗೆ ಬರುತ್ತದೆ. ಹಿಂದಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘಗಳ ಭೇದವಿಲ್ಲ, ಲ-ಳ ಭೇದವೂ ಇಲ್ಲ. ಆದ್ದರಿಂದ “ಬೆಲೆ, ಬೆಳೆ, ಬೇಳೆ” ಮೂರೂ ಅವರಿಗೆ ಒಂದೇ ಆಗಿ ಕೇಳಿಸುತ್ತವೆ; ಬೇಳೆಯ ಬೆಲೆ ಏರಿದ ಸುದ್ದಿ ಅವರ ಪಾಲಿಗೆ ಒಗಟು. ತಮಿಳರಿಗೆ ಈ ತೊಂದರೆಯಿಲ್ಲ, ಆದರೆ ಅವರ ಲಿಪಿಯಲ್ಲಿ ಕ-ಗ, ತ-ದ, ಪ-ಬಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲದಿರುವುದರಿಂದ ತೊಡಕು ಓದಿನಲ್ಲಿ ತಲೆದೋರುತ್ತದೆ. ತೆಲುಗು ಓದಬಲ್ಲವರಿಗೆ ನಮ್ಮ ಲಿಪಿ ಬಹುಮಟ್ಟಿಗೆ ಪರಿಚಿತ. ಅವರನ್ನು ಅಕ್ಷರಪಾಠದಲ್ಲಿ ಕೂರಿಸಿ ಬೇಸರಪಡಿಸಬೇಡಿ.

ಕಿವಿಯನ್ನು ವಾಕ್ಯದ ಕೊನೆಯವರೆಗೆ ಹಿಡಿದಿಡಲು ಕಲಿಸುವುದು ಕನ್ನಡದಲ್ಲಿ ವಿಶೇಷವಾಗಿ ಮುಖ್ಯ. “ಬರಲ್ಲ”, “ಬಂದಿಲ್ಲ”, “ಬರ್ಲಿಲ್ಲ”, “ಬರ್ಬೇಡ” ಇವುಗಳಲ್ಲಿ “ಬರು” ಎಂಬುದನ್ನಷ್ಟೇ ಹಿಡಿದವನಿಗೆ ಏನೂ ತಿಳಿದಂತಾಗಲಿಲ್ಲ. “ಬಸ್ ಬರುತ್ತೆ” ಎನ್ನುವುದಕ್ಕೂ “ಬಸ್ ಬರುತ್ತಂತೆ” ಎನ್ನುವುದಕ್ಕೂ ಅಂತರವಿದೆ. ಎರಡನೆಯದು ಬೇರೆಯವರಿಂದ ಕೇಳಿದ ಸುದ್ದಿ, ಹೇಳುವವರು ಅದಕ್ಕೆ ಹೊಣೆ ಹೊರುವುದಿಲ್ಲ. ಹಾಗೆಯೇ “ಬಾರೋ”, “ಬಾರೇ”, “ಬಾಪ್ಪ”, “ಬನ್ನಿ” ಎಂಬ ಒಂದು ಪದದಿಂದಲೇ ಮಾತನಾಡುತ್ತಿರುವವರ ನಡುವಿನ ಸಲಿಗೆ, ವಯಸ್ಸು, ಗೌರವ ತಿಳಿಯುತ್ತದೆ. ಪುಸ್ತಕದ ಪಾಠಗಳಲ್ಲಿ ಎಲ್ಲರೂ “ಬನ್ನಿ” ಎಂದೇ ಹೇಳುವುದರಿಂದ ಈ ಸೂಕ್ಷ್ಮ ಕಿವಿಗೆ ಬೀಳುವುದೇ ಇಲ್ಲ.

ಇಲ್ಲಿ ಮೂರು ಎಚ್ಚರಿಕೆಗಳಿವೆ. ಪದಪದವನ್ನೂ ಎಳೆದು ನಿಧಾನವಾಗಿ ಮಾತನಾಡಬೇಡಿ, ಹಾಗೆ ಮಾಡಿದರೆ ಅದು ಯಾರೂ ಆಡದ ಕನ್ನಡವಾಗುತ್ತದೆ. ಸಹಜ ವೇಗದಲ್ಲಿ ಹೇಳಿ, ವಾಕ್ಯಗಳ ನಡುವಿನ ಬಿಡುವನ್ನು ಮಾತ್ರ ಹೆಚ್ಚಿಸಿ. ಆಕಾಶವಾಣಿಯ ವಾರ್ತೆಯನ್ನು ಆರಂಭದ ಆಲಿಕೆಗೆ ಬಳಸಬೇಡಿ; ಅದು ಬರಹದ ಕನ್ನಡದ ವಾಚನ, ಓದಿನಲ್ಲಿ ಮುಂದಿರುವವರಿಗೆ ಒಳ್ಳೆಯ ಸೇತುವೆ, ಆದರೆ ಬೀದಿಯ ಮಾತಿಗೆ ಸಿದ್ಧಪಡಿಸುವುದಿಲ್ಲ. ಇನ್ನು ಪ್ರಾದೇಶಿಕ ರೂಪಗಳ ಬಗ್ಗೆ ಹೇಳುವುದಾದರೆ, ವಿದ್ಯಾರ್ಥಿ ಬದುಕುವ ಊರಿನ ಮಾತೇ ಅವನ ಮೊದಲ ಪಾಠವಾಗಬೇಕು. ಹುಬ್ಬಳ್ಳಿಗೆ ವರ್ಗವಾದ ಬ್ಯಾಂಕ್ ನೌಕರನಿಗೆ “ಬರ್ತೀನ್ರಿ” ಬೇಕು, ಮಂಗಳೂರಿಗೆ ಹೋದವನಿಗೆ “ಉಂಟು” ಬೇಕು.

ಹಂತ 5: ಪ್ರಶ್ನೆಗಳನ್ನು ಬರೆಯುವುದು

ಕೆಳಗಿನ ವಾಕ್ಯವನ್ನು ಓದಿ. “ಗಿಮಟನು ಸಂಜೆ ತೊಪ್ಪಳಿಯಲ್ಲಿ ಎರಡು ಜುಗುಡೆಗಳನ್ನು ಲೊಬಕಿಸಿದನು.” ಈಗ ಉತ್ತರಿಸಿ: ಗಿಮಟನು ಎಲ್ಲಿ ಲೊಬಕಿಸಿದನು? ಎಷ್ಟು ಜುಗುಡೆಗಳನ್ನು ಲೊಬಕಿಸಿದನು? ಎರಡಕ್ಕೂ ನಿಮಗೆ ಪೂರ್ಣ ಅಂಕ ಬಂದಿತು, ಆದರೆ ನಿಮಗೆ ಏನೂ ಅರ್ಥವಾಗಿಲ್ಲ, ಅರ್ಥವಾಗಲು ಅಲ್ಲಿ ಏನೂ ಇಲ್ಲ, ಏಕೆಂದರೆ ಆ ಪದಗಳನ್ನು ನಾನೇ ಕಟ್ಟಿದ್ದು. “ಗದ್ಯಭಾಗವನ್ನು ಓದಿ ಉತ್ತರಿಸಿ” ಎಂಬ ಶೀರ್ಷಿಕೆಯಡಿ ನಾವು ಕೇಳುವ ಬಹುಪಾಲು ಪ್ರಶ್ನೆಗಳು ಈ ಜಾತಿಯವು. ವಿದ್ಯಾರ್ಥಿ ಪ್ರಶ್ನೆಯ ಪದವನ್ನು ಪಠ್ಯದಲ್ಲಿ ಹುಡುಕಿ, ಆ ಸಾಲನ್ನು ಎತ್ತಿ ಬರೆಯುತ್ತಾನೆ.

ಇದರಿಂದ ಪಾರಾಗುವ ದಾರಿಯೆಂದರೆ, ಪಠ್ಯದ ಮಾಹಿತಿಯನ್ನು ಬಳಸಿ ಏನಾದರೊಂದು ನಿರ್ಧಾರ ಮಾಡಬೇಕಾದಂಥ ಪ್ರಶ್ನೆ ಕೇಳುವುದು. ಸೂಚನೆಯೊಂದು ಹೀಗಿದೆ ಎಂದುಕೊಳ್ಳಿ: “ನಾಳೆ ಬೆಳಗ್ಗೆ 10ರಿಂದ ಸಂಜೆ 4ರವರೆಗೆ ವಿದ್ಯುತ್ ಇರುವುದಿಲ್ಲ. ನೀರಿನ ಪಂಪನ್ನು ಬೆಳಗ್ಗೆ 7ಕ್ಕೆ ಅರ್ಧ ಗಂಟೆ ಮಾತ್ರ ಚಾಲೂ ಮಾಡಲಾಗುವುದು.” ಎಷ್ಟು ಗಂಟೆಯವರೆಗೆ ವಿದ್ಯುತ್ ಇಲ್ಲ ಎಂಬುದು ಎತ್ತಿ ಬರೆಯುವ ಪ್ರಶ್ನೆ. “ರಾತ್ರಿ ಪಾಳಿ ಮುಗಿಸಿ 8ಕ್ಕೆ ಬರುವವರು ಮನೆಯವರಿಗೆ ಮೊದಲೇ ಏನು ಹೇಳಿ ಹೋಗಬೇಕು?” ಎಂಬುದು ಗ್ರಹಿಕೆಯ ಪ್ರಶ್ನೆ. ಆಲಿಕೆಗೂ ಇದೇ ಸೂತ್ರ. “ಹತ್ತೂವರೆಗೆ ಬರೋಣ ಅಂತಿದ್ದೆ, ಗಾಡಿ ಪಂಕ್ಚರ್ ಆಗಿದೆ, ಹನ್ನೊಂದೂಮುಕ್ಕಾಲು ಆಗ್ಬಹುದು” ಎಂಬ ಮಾತನ್ನು ಕೇಳಿಸಿ, ಅವರನ್ನು ಎಷ್ಟು ಗಂಟೆಗೆ ಎದುರುನೋಡಬೇಕೆಂದು ಕೇಳಿದರೆ, ಕಿವಿಗೆ ಬಿದ್ದ ಮೊದಲ ಸಂಖ್ಯೆಯನ್ನು ಹಿಡಿದವರು ಬೇರೆಯಾಗುತ್ತಾರೆ, ಅರ್ಥಮಾಡಿಕೊಂಡವರು ಬೇರೆಯಾಗುತ್ತಾರೆ.

ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಸರಿಯುತ್ತರವೇ ಉಳಿದವುಗಳಿಗಿಂತ ಉದ್ದವಾಗಿರುವುದು ಸಾಮಾನ್ಯ ದೋಷ. ತಪ್ಪು ಆಯ್ಕೆಗಳು ಹಾಸ್ಯಾಸ್ಪದವಾಗಿರುವುದು ಇನ್ನೊಂದು. ಪಠ್ಯವನ್ನು ಓದದೆಯೇ ಸಾಮಾನ್ಯ ಜ್ಞಾನದಿಂದ ಉತ್ತರಿಸಬಹುದಾದ ಪ್ರಶ್ನೆ ಮೂರನೆಯದು. ಮೈಸೂರು ದಸರೆಯ ಪಠ್ಯ ಕೊಟ್ಟು ದಸರೆ ಎಲ್ಲಿ ನಡೆಯುತ್ತದೆ ಎಂದು ಕೇಳಿದರೆ ಪತ್ರಿಕೆ ಓದುವ ಯಾರಾದರೂ ಉತ್ತರಿಸುತ್ತಾರೆ. ಇದನ್ನು ಕಂಡುಹಿಡಿಯಲು ಒಂದು ಅಗ್ಗದ ಉಪಾಯವಿದೆ: ಪ್ರಶ್ನೆಗಳನ್ನು ಮಾತ್ರ, ಪಠ್ಯವಿಲ್ಲದೆ, ಗೆಳೆಯರೊಬ್ಬರಿಗೆ ಕೊಡಿ. ನಾಲ್ಕು ಆಯ್ಕೆಗಳ 20 ಪ್ರಶ್ನೆಗಳಿದ್ದರೆ ಬರೀ ಅದೃಷ್ಟದಿಂದ ಸುಮಾರು 5 ಸರಿಯಾಗಬಹುದು. ಅವರಿಗೆ 12 ಸರಿಯಾದರೆ ನಿಮ್ಮ ಪ್ರಶ್ನೆಪತ್ರಿಕೆ ಗ್ರಹಿಕೆಯನ್ನು ಅಳೆಯುತ್ತಿಲ್ಲ.

ಬಿಟ್ಟ ಪದ ತುಂಬಿಸುವ ಕ್ಲೋಜ್ ಪರೀಕ್ಷೆಯನ್ನು ಹಲವರು ಕೇಳಿದ್ದಾರೆ. 1953ರಲ್ಲಿ ವಿಲ್ಸನ್ ಟೇಲರ್ ಇದನ್ನು ಇಂಗ್ಲಿಷ್ ಪಠ್ಯಗಳು ಎಷ್ಟು ಸುಲಭ ಎಂದು ಅಳೆಯಲು ಮುಂದಿಟ್ಟರು. ಮುಂದೆ ಅದು ಭಾಷಾಪರೀಕ್ಷೆಯಾಗಿಯೂ ಬಳಕೆಗೆ ಬಂತು. ಇಂಗ್ಲಿಷಿನಲ್ಲಿ ಮಾಡುವಂತೆ ಐದೈದು ಪದಗಳಿಗೊಂದನ್ನು ಅಳಿಸುತ್ತ ಹೋದರೆ ಕನ್ನಡದಲ್ಲಿ ಪ್ರತಿ ವಾಕ್ಯದ ಬೆನ್ನೆಲುಬೇ ಮುರಿಯುತ್ತದೆ. ಹತ್ತು ಪದಗಳಿಗೊಂದು ಅಳಿಸಿ, ಇಲ್ಲವೇ ಪದವನ್ನು ಉಳಿಸಿ ಪ್ರತ್ಯಯವನ್ನು ಮಾತ್ರ ಅಳಿಸಿ: “ಅಂಗಡಿ___ ಹಾಲು ತಂದೆ.”

ಹಂತ 6: ಪರೀಕ್ಷೆ ನಡೆಸುವುದು

ಆಲಿಕೆಯ ಪರೀಕ್ಷೆಯನ್ನು ನೀವೇ ನಿಂತು ಓದಬೇಡಿ, ಧ್ವನಿಮುದ್ರಿಕೆಯನ್ನು ಬಳಸಿ. ಎರಡು ತಂಡಗಳಿಗೆ ಎರಡು ಬಗೆಯಲ್ಲಿ ಓದಿದರೆ ಅದು ಒಂದೇ ಪರೀಕ್ಷೆಯಾಗಿ ಉಳಿಯುವುದಿಲ್ಲ. ಪ್ರಶ್ನೆಗಳನ್ನು ಓದಿಕೊಳ್ಳಲು ಒಂದು ನಿಮಿಷ ಮೊದಲೇ ಕೊಡಿ, ಮತ್ತು ಪ್ರಶ್ನೆಗಳು ಮಾತಿನ ಕ್ರಮದಲ್ಲಿಯೇ ಇರಲಿ. ಎಷ್ಟು ಸಲ ಕೇಳಿಸಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ: ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಂದೇ ಸಲ ಕೇಳಿಸುತ್ತಾರೆ, ಕೇಂಬ್ರಿಡ್ಜ್‌ನ ಬಿ2 ಫಸ್ಟ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡು ಸಲ. ಆರಂಭದ ಮಟ್ಟಕ್ಕೆ ಎರಡು ಸಲ ಕೇಳಿಸಿ ಎಂಬುದು ನನ್ನ ಸಲಹೆ, ಏಕೆಂದರೆ ಹೊರಗೆ ಹಾದುಹೋಗುವ ಒಂದು ಹಾರ್ನ್‌ನಿಂದಾಗಿ ಯಾರೂ ಅಂಕ ಕಳೆದುಕೊಳ್ಳಬಾರದು.

ಹಂತ 7: ಅಂಕ ಕೊಡುವುದು

ಗ್ರಹಿಕೆಯ ಪರೀಕ್ಷೆಯಲ್ಲಿ ಉತ್ತರವನ್ನು ಮನೆಮಾತಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯಲು ಬಿಡಿ. ಕನ್ನಡದಲ್ಲೇ ಬರೆಯಬೇಕೆಂದರೆ ನೀವು ಅಳೆಯುತ್ತಿರುವುದು ಬರವಣಿಗೆಯನ್ನು. ಪರೀಕ್ಷಾಶಾಸ್ತ್ರದಲ್ಲಿ ಇದನ್ನು ಸಿಂಧುತ್ವದ ದೋಷ ಎನ್ನುತ್ತಾರೆ, ಅಂದರೆ ಅಳೆಯಬೇಕಾದದ್ದನ್ನು ಬಿಟ್ಟು ಬೇರೊಂದನ್ನು ಅಳೆಯುವುದು. ಶಾಲೆಯ ನಿಯಮದಂತೆ ಕನ್ನಡದಲ್ಲೇ ಬರೆಸಬೇಕಾದರೆ, ಕಾಗುಣಿತದ ತಪ್ಪಿಗೆ ಅಂಕ ಕಳೆಯಬೇಡಿ, ಮತ್ತು ಸಾಧ್ಯವಾದಷ್ಟು ಸಂಖ್ಯೆ, ಗುರುತು, ನಕ್ಷೆ, ಸರಿ-ತಪ್ಪುಗಳಲ್ಲಿ ಉತ್ತರಿಸುವಂತೆ ಪ್ರಶ್ನೆಗಳನ್ನು ರೂಪಿಸಿ. ಒಪ್ಪಬಹುದಾದ ಉತ್ತರಗಳ ಪಟ್ಟಿಯನ್ನು ಪರೀಕ್ಷೆಗೆ ಮೊದಲೇ ಬರೆದಿಟ್ಟುಕೊಂಡರೆ ತಿದ್ದುವಾಗ ಮನಸ್ಸು ಅತ್ತಿತ್ತ ಜಾರುವುದಿಲ್ಲ.

ತಿದ್ದಿದ ಮೇಲೆ ಅಂಕಪಟ್ಟಿ ಮಾಡಿ ಸುಮ್ಮನಾಗಬೇಡಿ. ಪ್ರತಿ ಪ್ರಶ್ನೆಯನ್ನು ಎಷ್ಟು ಮಂದಿ ಸರಿಮಾಡಿದ್ದಾರೆಂದು ಎಣಿಸಿ. ಎಲ್ಲರೂ ಸರಿಮಾಡಿದ ಪ್ರಶ್ನೆ ಧೈರ್ಯ ಕೊಡುತ್ತದೆ, ಮಾಹಿತಿ ಕೊಡುವುದಿಲ್ಲ. 12 ಮಂದಿಯ ತರಗತಿಯಾದರೆ ಹೆಚ್ಚು ಅಂಕ ಪಡೆದ ನಾಲ್ವರನ್ನೂ ಕಡಿಮೆ ಪಡೆದ ನಾಲ್ವರನ್ನೂ ಹೋಲಿಸಿ. ಮೇಲಿನವರು ತಪ್ಪಿ ಕೆಳಗಿನವರು ಸರಿಮಾಡಿದ ಪ್ರಶ್ನೆಯಿದ್ದರೆ ದೋಷ ಬಹುತೇಕ ಪ್ರಶ್ನೆಯಲ್ಲಿಯೇ ಇರುತ್ತದೆ; ಅದನ್ನು ಲೆಕ್ಕದಿಂದ ಕೈಬಿಟ್ಟು ಅಂಕಗಳನ್ನು ಮತ್ತೆ ಕೂಡಿಸಿ. ನಂತರ ಎಲ್ಲರೂ ಎಡವಿದ ಸಂಭಾಷಣೆಯನ್ನು ಮರುದಿನದ ತರಗತಿಗೆ ತನ್ನಿ, ಬರಹವನ್ನು ಕೈಗೆ ಕೊಡಿ, ನಾಲ್ಕನೆಯ ಹಂತದ ಮೂರು ಪ್ರಶ್ನೆಗಳನ್ನು ಒಬ್ಬೊಬ್ಬರಿಗೂ ಕೇಳಿ. ಮುಂದಿನ ತಿಂಗಳು ಯಾರಿಗೆ ಯಾವ ಪಾಠ ಬೇಕೆಂಬುದು ಆ ಉತ್ತರಗಳಲ್ಲಿಯೇ ಸಿಗುತ್ತದೆ.